ಎರಡು ಮ್ಯಾಚ್, ಮೂರು ನಿಘಂಟು: ಬಳಸಿ ನೋಡಿ ಬರೆದದ್ದು

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ದಾರ, ಕುಚ್ಚು ಕಟ್ಟುವ ರೇಷ್ಮೆ ಎಳೆ, ಇಷ್ಟೇ ವ್ಯಾಪಾರ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಎಳೆಯುವ ತನಕ ನನ್ನ ಬಾಯಲ್ಲಿ ಜಾಸ್ತಿ ಬರುವ ಪದ ಅಂದರೆ ಮ್ಯಾಚ್. "ಅಕ್ಕಾ, ಈ ಸೀರೆಗೆ ಇದು ಮ್ಯಾಚ್ ಆಗುತ್ತಾ?" "ಬಾಗಿಲ ಹತ್ತಿರ ಬನ್ನಿ, ಬೆಳಕಿಗೆ ಹಿಡಿದು ನೋಡಿ, ಟ್ಯೂಬ್‌ಲೈಟ್ ಕೆಳಗೆ ಮ್ಯಾಚ್ ಆದ ಹಾಗೇ ಕಾಣುತ್ತೆ, ಬಿಸಿಲಿಗೆ ಹೋದರೆ ಬೇರೆ ಬಣ್ಣ." ಇಷ್ಟು ಬಳಸುವ ಪದದ ಒಳಗೆ ಏನಿದೆ ಅಂತ ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ್ದು ನನ್ನ ಮಗಳ ಹೋಂವರ್ಕ್.

ಅವಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಮಾಡಿಕೊಂಡು ಬರಬೇಕಿತ್ತು. ಅದರಲ್ಲಿ ಒಂದು 'ಹಿ ಮೆಟ್ ಹಿಸ್ ಮ್ಯಾಚ್'. ಮನೆಯಲ್ಲಿದ್ದ ಜೇಬು ನಿಘಂಟು ತೆಗೆದು ನೋಡಿದ್ದಾಳೆ. ಅದರಲ್ಲಿ ಮ್ಯಾಚ್ ಎದುರಿಗೆ ಬೆಂಕಿಕಡ್ಡಿ, ಪಂದ್ಯ, ಜೊತೆ, ಸಮಾನ, ವಿವಾಹ ಅಂತ ಒಂದೇ ಸಾಲಲ್ಲಿ ಐದು ಪದ, ನಡುವೆ ಅಲ್ಪವಿರಾಮ, ಅಷ್ಟೇ. ಮಗು ಮೊದಲನೆಯದನ್ನೇ ತೆಗೆದುಕೊಂಡು "ಅವನು ತನ್ನ ಬೆಂಕಿಕಡ್ಡಿಯನ್ನು ಭೇಟಿಯಾದನು" ಅಂತ ಬರೆದಿತ್ತು. ಟೀಚರ್ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಕ್ಲಾಸಿನವರು ನಕ್ಕರಂತೆ, ಇವಳು ಮನೆಗೆ ಬಂದು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಪುಸ್ತಕ ಏನು ಹೇಳಿತ್ತೋ ಅದನ್ನೇ ಅವಳು ನಂಬಿದ್ದಳು. ಐದು ಅರ್ಥ ಕೊಟ್ಟು ಯಾವುದನ್ನು ಎಲ್ಲಿ ಬಳಸಬೇಕು ಅಂತ ಒಂದು ವಾಕ್ಯವನ್ನೂ ಕೊಡದ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ?

ಆಮೇಲೆ ಎರಡು ಪುಸ್ತಕ ತಂದೆ. ಒಂದು 'ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ', ಹೊಸದೇ. ಇನ್ನೊಂದು 'ಕನ್ಸೈಸ್ ಆಕ್ಸ್‌ಫರ್ಡ್', ಬಟ್ಟೆ ತರಲು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪ್ರತಿ. ಇವೆರಡರ ಜೊತೆಗೆ ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್'. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಗೆ ಜನ ಕಡಿಮೆ. ಆ ಹೊತ್ತಿನಲ್ಲಿ ಸುಮಾರು ಮೂರು ತಿಂಗಳು ಈ ಮೂರನ್ನೂ ಬಳಸಿದ್ದೇನೆ. ಇದು ಆ ಅನುಭವದ ವಿಮರ್ಶೆ. ಬೇರೆ ಬೇರೆ ಪದಗಳನ್ನೂ ನೋಡಿದೆ, ಆದರೆ ಒರೆಗಲ್ಲು ಮಾತ್ರ ಆ ಮ್ಯಾಚ್ ಪದವೇ.

ಮೊದಲು ಕನ್ಸೈಸ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನಗೆ ಕಣ್ಣು ತೆರೆಸಿದ್ದು ಅದು. ಇದನ್ನು ಮೊದಲು ಸಿದ್ಧಪಡಿಸಿದ್ದು ಫೌಲರ್ ಅಣ್ಣತಮ್ಮಂದಿರು, 1911ರಲ್ಲಿ. ಇದರಲ್ಲಿ ಮ್ಯಾಚ್ ಅನ್ನುವುದು ಒಂದು ಪದವಾಗಿ ಇಲ್ಲ, ಎರಡಾಗಿ ಇದೆ. ತಲೆ ಮೇಲೆ ಚಿಕ್ಕದಾಗಿ 1 ಅಂತ ಬರೆದ ಮ್ಯಾಚ್ ಒಂದು, 2 ಅಂತ ಬರೆದದ್ದು ಇನ್ನೊಂದು. ಸ್ಪೆಲ್ಲಿಂಗ್ ಒಂದೇ, ಉಚ್ಚಾರಣೆ ಒಂದೇ, ಆದರೆ ಎರಡೂ ಬೇರೆ ಬೇರೆ ಮನೆಯಿಂದ ಬಂದವು, ಒಂದಕ್ಕೊಂದು ನೆಂಟಸ್ತಿಕೆ ಇಲ್ಲ. ಆ ಚಿಕ್ಕ ಅಂಕಿಯ ಅರ್ಥ ಅದು. ನನಗೆ ಆ ತನಕ ಗೊತ್ತೇ ಇರಲಿಲ್ಲ. ನಾನು ಏನೋ ಹೀಗೆ ಅಂದುಕೊಂಡಿದ್ದೆ: ಕಡ್ಡಿ ಮತ್ತು ಪೆಟ್ಟಿಗೆ ಜೋಡಿ ಅಲ್ವಾ, ಅದಕ್ಕೇ ಮ್ಯಾಚ್ ಬಾಕ್ಸ್ ಅಂತಾರೆ. ಪೂರ್ತಿ ತಪ್ಪು.

ಜೋಡಿ ಅನ್ನುವ ಅರ್ಥದ ಮ್ಯಾಚ್ ಹಳೇ ಇಂಗ್ಲಿಷಿನ ಪದ, ಮೂಲದಲ್ಲಿ ಸಂಗಾತಿ, ಸರಿಜೋಡಿ ಅಂತ. ಮೇಕ್ ಅನ್ನುವ ಪದಕ್ಕೆ ಹತ್ತಿರದ್ದು. ಸಂಗಾತಿಯಿಂದ ಸರಿಸಮಾನ ಬಂತು, ಸರಿಸಮಾನರು ಎದುರುಬದುರು ನಿಂತರೆ ಪಂದ್ಯ ಆಯಿತು, ಗಂಡು ಹೆಣ್ಣು ಈಡಾದರೆ ಸಂಬಂಧ ಆಯಿತು, ಬಣ್ಣಕ್ಕೆ ಬಣ್ಣ ಈಡಾದರೆ ನನ್ನ ಅಂಗಡಿ ಆಯಿತು. ಒಂದೇ ಬಳ್ಳಿಯಲ್ಲಿ ಬಿಟ್ಟ ಕಾಯಿಗಳು. ನಮ್ಮಲ್ಲಿ ಮದುವೆ ಮಾತು ಬಂದಾಗ ಹಿರಿಯರು "ಈಡುಜೋಡು ಸರಿಯಾಗಿದೆ" ಅಂತಾರಲ್ಲ, ಅದೇ ಲೆಕ್ಕ. ಕ್ರಿಕೆಟ್ ಮ್ಯಾಚೂ ಈ ಮನೆಯದೇ, ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು.

ಕಡ್ಡಿಯ ಮ್ಯಾಚ್ ಹಳೇ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಬತ್ತಿ. ಇವತ್ತಿಗೂ ಫ್ರೆಂಚರು ಮೇಣದಬತ್ತಿಯ ಒಳಗಿನ ದಾರಕ್ಕೆ 'ಮೆಶ್' ಅನ್ನುತ್ತಾರೆ. ಇಂಗ್ಲಿಷಿಗೆ ಬಂದಾಗಲೂ ಮೊದಲು ಬತ್ತಿಯೇ ಆಗಿತ್ತು, ಆಮೇಲೆ ಕೋವಿಗೆ ಕಿಡಿ ಮುಟ್ಟಿಸುವ ಹಗ್ಗದ ಬತ್ತಿ ಆಯಿತು. ಮ್ಯಾಚ್‌ಲಾಕ್ ಅನ್ನುವ ಹಳೇ ಕೋವಿಯ ಹೆಸರಿನಲ್ಲಿ ಇರುವುದು ಈ ಬತ್ತಿಯೇ. ಗೀರಿದರೆ ಹತ್ತುವ ಕಡ್ಡಿ ಬಂದದ್ದು ಎಷ್ಟೋ ಕಾಲದ ಮೇಲೆ. ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧಿ ಅಂಗಡಿಯವರು ಜಾನ್ ವಾಕರ್ 1826ರಲ್ಲಿ ಅದನ್ನು ಕಂಡುಹಿಡಿದು 1827ರಲ್ಲಿ ಮಾರಲು ಶುರು ಮಾಡಿದರು. ಪದ ಮೊದಲೇ ಇತ್ತು, ವಸ್ತು ಆಮೇಲೆ ಬಂದು ಅದರೊಳಗೆ ಕೂತುಕೊಂಡಿತು. ನಮ್ಮ ಕನ್ನಡದಲ್ಲಿ ನೋಡಿ, ಬತ್ತಿಯ ಗೊಡವೆಗೇ ಹೋಗದೆ ಕಣ್ಣಿಗೆ ಕಂಡದ್ದನ್ನೇ ಬೆಂಕಿಕಡ್ಡಿ, ಕಡ್ಡಿಪೆಟ್ಟಿಗೆ, ಬೆಂಕಿಪೊಟ್ಟಣ ಅಂತ ಕರೆದರು. ನನಗೆ ನಮ್ಮ ಹೆಸರೇ ಹೆಚ್ಚು ಇಷ್ಟ.

ಇದನ್ನು ಮಗಳಿಗೆ ಹೇಗೆ ಹೇಳುವುದು? ಒಂದು ವಾಕ್ಯ ಹೊಳೆಯಿತು. "ಹತ್ತು ಕಡ್ಡಿ ಗೀರಿದರೂ ಒಲೆ ಹತ್ತಲಿಲ್ಲ." ಮೊದಲನೇ ಹತ್ತು ಲೆಕ್ಕದ್ದು, ಎರಡನೇ ಹತ್ತು ಬೆಂಕಿಯದು. ಬರೆಯುವುದು ಒಂದೇ ಥರ, ಆದರೆ ಒಂದಕ್ಕೂ ಇನ್ನೊಂದಕ್ಕೂ ಏನೂ ಸಂಬಂಧ ಇಲ್ಲ. ಕನ್ನಡದಲ್ಲಿ ಇದು ನಮಗೆ ಗೊಂದಲ ಮಾಡುವುದೇ ಇಲ್ಲ, ಯಾಕೆಂದರೆ ಅಕ್ಕಪಕ್ಕದ ಪದ ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಅವಳಿಗೆ ತಕ್ಷಣ ಅರ್ಥವಾಯಿತು. "ಹಾಗಾದರೆ ಮ್ಯಾಚ್ ಪಕ್ಕ ಯಾವ ಪದ ಇರುತ್ತೆ ಅಂತ ನೋಡಬೇಕು ಅಲ್ವಾಮ್ಮಾ?" ಅಂದಳು. ಹೌದು ಕಣೇ, ಅದೇ.

ಆ ಅಕ್ಕಪಕ್ಕದ ಪದ ತೋರಿಸುವುದರಲ್ಲಿ ಲರ್ನರ್ಸ್ ಡಿಕ್ಷನರಿಯನ್ನು ಮೀರಿಸುವುದು ಕಷ್ಟ. ಇದನ್ನು ಮಾಡಿದ ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಮೊದಲು ಅಚ್ಚಾದದ್ದೂ ಜಪಾನಿನಲ್ಲೇ, 1942ರಲ್ಲಿ. ಆಕ್ಸ್‌ಫರ್ಡ್‌ನವರು ತಮ್ಮ ಕಡೆಯಿಂದ ಹೊರತಂದದ್ದು 1948ರಲ್ಲಿ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಎದುರಿಗೆ ನಿಂತು ಪಾಠ ಮಾಡಿದವರ ಕೆಲಸ ಅನ್ನುವುದು ಪುಸ್ತಕ ತೆರೆದ ಕೂಡಲೇ ಗೊತ್ತಾಗುತ್ತದೆ. ಅರ್ಥ ಹೇಳಲು ಕಷ್ಟದ ಪದ ಬಳಸುವುದಿಲ್ಲ, ಸುಮಾರು 3000 ಸುಲಭದ ಪದಗಳಲ್ಲೇ ಎಲ್ಲವನ್ನೂ ವಿವರಿಸುತ್ತಾರೆ. ಬಹಳ ಅರ್ಥ ಇರುವ ಪದಕ್ಕೆ ಪ್ರತಿ ಗುಂಪಿನ ಮೇಲೂ ಒಂದು ಪುಟ್ಟ ತಲೆಬರಹ ಇರುತ್ತದೆ, ಇದು ಆಟದ ವಿಷಯ, ಇದು ಬೆಂಕಿ ಹಚ್ಚುವುದು, ಇದು ಸರಿಸಮಾನ ಅಂತ. ಮಗು ಆ ತಲೆಬರಹ ನೋಡಿಕೊಂಡು ತನಗೆ ಬೇಕಾದ ಕಡೆ ನೇರ ಹೋಗಬಹುದು. ಪ್ರತಿ ಅರ್ಥಕ್ಕೂ ವಾಕ್ಯ ಇದೆ. ಕಡ್ಡಿ ಆದರೆ ಸ್ಟ್ರೈಕ್ ಅಥವಾ ಲೈಟ್ ಜೊತೆಗೆ ಬರುತ್ತದೆ, ಪಂದ್ಯ ಆದರೆ ಪ್ಲೇ, ವಿನ್, ಲೂಸ್ ಜೊತೆಗೆ, ಸರಿಸಮಾನ ಆದರೆ ಮೀಟ್ ಅಥವಾ 'ನೋ ಮ್ಯಾಚ್ ಫಾರ್'. ಜೇಬು ನಿಘಂಟಿನ ಐದು ಪದದಲ್ಲಿ ಇಲ್ಲದ್ದು ಇದೇ. ಸ್ಟ್ರೈಕ್ ಅಂದರೆ ನಮ್ಮ ಮಕ್ಕಳಿಗೆ ಹೊಡೆ, ಮುಷ್ಕರ ಅಂತ ಗೊತ್ತು, ಆದರೆ ಮ್ಯಾಚ್ ಪಕ್ಕ ಬಂದಾಗ ಅದು 'ಗೀರು' ಆಗುತ್ತದೆ ಅಂತ ಯಾರು ಹೇಳಿಕೊಡಬೇಕು?

ಆ ದಿನದ ವಾಕ್ಯಕ್ಕೆ ಬರೋಣ. 'ಮೀಟ್ ಯುವರ್ ಮ್ಯಾಚ್' ಅಂದರೆ ತನ್ನಷ್ಟೇ ಗಟ್ಟಿಯಾದವರು, ಇಲ್ಲ ತನಗಿಂತ ಒಂದು ಕೈ ಮೇಲಾದವರು ಎದುರಾಗುವುದು. ಪುಸ್ತಕದ ವಿವರಣೆ ಓದುತ್ತಿದ್ದ ಹಾಗೇ ನನ್ನ ಬಾಯಿಂದ ತಾನಾಗಿ ಬಂತು: "ಸೇರಿಗೆ ಸವಾಸೇರು." ಮಗಳು ನೋಟ್‌ಬುಕ್ಕಿನಲ್ಲಿ ಆ ಅಡ್ಡಗೆರೆಯ ಕೆಳಗೆ ಬರೆದಳು, "ಅವನ ಸೇರಿಗೆ ಸವಾಸೇರು ಸಿಕ್ಕಿದ." ಟೀಚರ್ ಅದರ ಪಕ್ಕ ಎರಡು ಸಲ ಸರಿ ಗುರುತು ಹಾಕಿದ್ದರು. 'ನೋ ಮ್ಯಾಚ್ ಫಾರ್' ಬಂದರೆ 'ಸಾಟಿಯಲ್ಲ' ಅನ್ನಿ, ಇನ್ನೂ ಬಿಗಿಯಾಗಿ ಬೇಕೆಂದರೆ 'ಎಣೆಯಲ್ಲ'. ಮ್ಯಾಚ್‌ಗೆ ಕನ್ನಡದಲ್ಲಿ ಇಷ್ಟು ಒಳ್ಳೆಯ ಪದಗಳಿರುವಾಗ ಬೆಂಕಿಕಡ್ಡಿಯ ಪಕ್ಕ ಬರಿ 'ಸಮಾನ' ಅಂತ ಬರೆದು ಬಿಟ್ಟುಬಿಡುವುದು ನನಗೆ ನಿಜವಾಗಿ ಬೇಜಾರು ತರಿಸುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಲರ್ನರ್ಸ್ ಡಿಕ್ಷನರಿ ಎರಡು ಮ್ಯಾಚನ್ನೂ ಒಂದೇ ಪದದ ಹಾಗೆ ಒಂದೇ ಕಡೆ ಇಡುತ್ತದೆ. ಕನ್ಸೈಸ್ ಥರ 1, 2 ಅಂತ ಮನೆ ಬೇರೆ ಮಾಡುವುದಿಲ್ಲ. ಕಲಿಯುವವರಿಗೆ ಪದದ ಹುಟ್ಟೂರಿಗಿಂತ ಬಳಕೆ ಮುಖ್ಯ ಅನ್ನುವ ಲೆಕ್ಕಾಚಾರ ಅದು, ಒಪ್ಪತಕ್ಕದ್ದೇ. ಆದರೆ ನನ್ನ ಮಗಳ ಗೊಂದಲ ಹೋದದ್ದು ಬೇರೆ ಮನೆ ಅಂತ ಗೊತ್ತಾದ ಮೇಲೆಯೇ. ಅದಕ್ಕೇ ನಾನು ಎರಡೂ ಪುಸ್ತಕ ಬೇಕು ಅನ್ನುವುದು. ಒಂದೇ ಕೊಳ್ಳುವ ಹಾಗಿದ್ದರೆ ಮಕ್ಕಳಿಗೆ ಲರ್ನರ್ಸ್, ಕಣ್ಣು ಮುಚ್ಚಿಕೊಂಡು ಕೊಳ್ಳಿ.

ಈಗ ನನ್ನ ಕಸುಬಿನ ಮ್ಯಾಚ್. ನನಗೆ ಜಾಸ್ತಿ ಪ್ರಯೋಜನ ಆದದ್ದು ಇಲ್ಲಿ. ನಾವು ಕನ್ನಡದಲ್ಲಿ 'ಸೀರೆಗೆ ಮ್ಯಾಚ್ ಆಗುತ್ತೆ' ಅನ್ನುತ್ತೇವೆ. ಆ 'ಗೆ' ಮನಸ್ಸಿನಲ್ಲಿ ಕೂತಿರುತ್ತದೆ. ಇಂಗ್ಲಿಷಲ್ಲಿ ಹೇಳುವಾಗ ಅದಕ್ಕೆ ಏನಾದರೂ ಒಂದು ಸೇರಿಸಲೇಬೇಕು ಅನ್ನಿಸಿ 'ದಿಸ್ ಬ್ಲೌಸ್ ಮ್ಯಾಚಸ್ ಟು ದ ಸ್ಯಾರಿ' ಅಂದುಬಿಡುತ್ತೇವೆ. ಬೇಕಾಗಿಲ್ಲ. 'ದಿಸ್ ಬ್ಲೌಸ್ ಮ್ಯಾಚಸ್ ದ ಸ್ಯಾರಿ', ಅಷ್ಟೇ. ಟು ಅಥವಾ ವಿತ್ ಬರುವುದು ಯಾವಾಗ ಅಂದರೆ ಯಾರಾದರೂ ಕೂತು ಜೋಡಿಸುವಾಗ: ನಾನು ಬ್ಲೌಸನ್ನು ಸೀರೆಗೆ ಮ್ಯಾಚ್ ಮಾಡಿದೆ ಅನ್ನುವ ಕಡೆ. ಆಗುವುದಕ್ಕೆ ಬೇಡ, ಮಾಡುವುದಕ್ಕೆ ಬೇಕು. ಲರ್ನರ್ಸ್ ಡಿಕ್ಷನರಿ ಕ್ರಿಯಾಪದದ ಪಕ್ಕದಲ್ಲೇ ಈ ನಮೂನೆಗಳನ್ನು ದಪ್ಪಕ್ಷರದಲ್ಲಿ ಕೊಡುತ್ತದೆ. ಬೇರೆ ರಾಜ್ಯದಿಂದ ಬಂದು ಇಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಅಂಗಡಿಗೆ ಬಂದರೆ ನಾನು ಇಂಗ್ಲಿಷಲ್ಲೇ ಮಾತಾಡಬೇಕು. ಮೊದಲು ಎರಡು ಮಾತಿಗೆ ನಿಲ್ಲಿಸಿಬಿಡುತ್ತಿದ್ದೆ, ಈಗ ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು. ನಮ್ಮಲ್ಲಿ "ಕಾಂಟ್ರಾಸ್ಟ್ ಮ್ಯಾಚಿಂಗ್ ಕೊಡಿ" ಅಂತ ಕೇಳುತ್ತಾರೆ. ರಾಣಿ ಪಿಂಕ್ ಸೀರೆಗೆ ರಾಮಾ ಗ್ರೀನ್ ಬ್ಲೌಸು. ನಮಗೆ ಅದು ಮ್ಯಾಚಿಂಗೇ, ಯಾಕೆಂದರೆ ಚೆನ್ನಾಗಿ ಕೂರುತ್ತದೆ. ಆದರೆ ಇಂಗ್ಲಿಷಲ್ಲಿ ಬಟ್ಟೆಬರೆಯ ವಿಷಯಕ್ಕೆ ಮ್ಯಾಚ್ ಅಂದರೆ ಬಣ್ಣವೋ ವಿನ್ಯಾಸವೋ ಒಂದೇ ಥರ ಇದ್ದು ಹೊಂದುವುದು. ಬೇರೆ ಬಣ್ಣ, ಆದರೂ ಹೊಂದುತ್ತದೆ ಅಂದರೆ ಅವರು 'ಗೋಸ್ ವಿತ್' ಅನ್ನುವುದು ಹೆಚ್ಚು. ಹಾಗೇ ಬಣ್ಣ ಉಟ್ಟವರ ಮೈಗೆ ಚೆನ್ನಾಗಿ ಕಂಡರೆ ಅದು 'ಸೂಟ್', ಅಳತೆ ಸರಿಯಾಗಿದ್ದರೆ 'ಫಿಟ್'. ಬ್ಲೌಸು ಸೀರೆಗೆ ಹೊಂದುತ್ತದೆ, ಬಣ್ಣ ನಿಮಗೆ ಒಪ್ಪುತ್ತದೆ, ತೋಳು ಸರಿಹೋಗುತ್ತದೆ. ಕನ್ನಡದಲ್ಲಿ ಮೂರಕ್ಕೂ ಮೂರು ಪದ ಮೊದಲಿಂದ ಇವೆ, ನಾವೇ ಎಲ್ಲವನ್ನೂ ಎತ್ತಿ ಒಂದು ಮ್ಯಾಚಿನೊಳಗೆ ತುಂಬಿದ್ದೇವೆ. ಇದು ಗೊತ್ತಾದ ಮೇಲೆ ನಾನು ಗಿರಾಕಿಗಳ ಜೊತೆ ಮಾತಾಡುವ ಕನ್ನಡವೂ ಬದಲಾಗಿದೆ. "ಇದು ಸೀರೆಗೆ ಹೊಂದುತ್ತೆ, ಆದರೆ ನಿಮ್ಮ ಬಣ್ಣಕ್ಕೆ ಆ ಈರುಳ್ಳಿ ಬಣ್ಣದ್ದು ಜಾಸ್ತಿ ಒಪ್ಪುತ್ತೆ" ಅಂದರೆ ಅವರಿಗೂ ಏನು ಹೇಳುತ್ತಿದ್ದೇನೆ ಅಂತ ಸ್ಪಷ್ಟವಾಗುತ್ತದೆ, ಆಯ್ಕೆ ಬೇಗ ಮುಗಿಯುತ್ತದೆ.

ಮ್ಯಾಚಿಂಗ್ ಸೆಂಟರ್ ಅನ್ನುವ ಹೆಸರು ಎರಡು ಪುಸ್ತಕದಲ್ಲೂ ಇಲ್ಲ. ಅದು ನಮ್ಮ ಬೀದಿಗಳಲ್ಲಿ ಹುಟ್ಟಿದ ಪದ, ಬೋರ್ಡು ಬದಲಿಸುವ ಯೋಚನೆ ನನಗಿಲ್ಲ.

ಅಲರ್ ಬಗ್ಗೆ. ಇದು ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಬ್ಬರೇ ಕಟ್ಟಿದ ನಿಘಂಟು, 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುವ ಹಾಗಾಯಿತು. ಒಂದೂವರೆ ಲಕ್ಷಕ್ಕೂ ಜಾಸ್ತಿ ಕನ್ನಡ ಪದ ಇವೆ. ಅಲರ್ ಅಂದರೆ ಹಳಗನ್ನಡದಲ್ಲಿ ಹೂವು, ಅರಳು. ಒಬ್ಬ ಮನುಷ್ಯ ಅಷ್ಟು ವರ್ಷ ಇದನ್ನೇ ಮಾಡಿಕೊಂಡು ಬಂದರು ಅಂತ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ನನಗೆ ಇದು ಉಪಯೋಗಕ್ಕೆ ಬರುವುದು ಹಿಂದಿನ ಬಾಗಿಲಿನಿಂದ. ಇಂಗ್ಲಿಷ್ ಪುಸ್ತಕದಲ್ಲಿ ಅರ್ಥ ಓದಿ ಮನಸ್ಸಿಗೆ ಒಂದು ಕನ್ನಡ ಪದ ಬರುತ್ತದಲ್ಲ, ಸಾಟಿ, ಈಡು, ಎಣೆ, ಅದನ್ನು ಇಲ್ಲಿ ಹಾಕಿ ಅದರ ಇಂಗ್ಲಿಷ್ ವಿವರಣೆ ನೋಡುತ್ತೇನೆ. ಎರಡೂ ಕಡೆಯಿಂದ ಬಂದು ನಡುವೆ ಸೇರಿದರೆ ಪದ ಸರಿ ಅಂತ ಧೈರ್ಯ. ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಮಾಡಿದ ನಿಘಂಟು, ಆದ್ದರಿಂದ ಇಂಗ್ಲಿಷ್ ಪದದ ಬಳಕೆ ಕಲಿಯಲು ಇದೊಂದೇ ಸಾಕಾಗುವುದಿಲ್ಲ. ಪುಸ್ತಕಗಳ ಜೊತೆಗೆ ಇಟ್ಟುಕೊಳ್ಳಿ.

ಮಗಳಿಗೆ ಈಗ ಇದೇ ಆಟ ಆಗಿಬಿಟ್ಟಿದೆ. ನಮ್ಮ ಅಂಗಡಿ ಎದುರಿಗೆ ಗಿರವಿ ಅಂಗಡಿ ಇದೆ, ಬೋರ್ಡಿನಲ್ಲಿ ಪಾನ್ ಬ್ರೋಕರ್ ಅಂತ. ಚೆಸ್ ಆಡುವ ಹುಡುಗಿ, "ಅಮ್ಮಾ, ಚೆಸ್ಸಿನ ಪಾನೂ ಇದೇ ಸ್ಪೆಲ್ಲಿಂಗು" ಅಂತ ಓಡಿ ಬಂದಳು. ಕನ್ಸೈಸ್ ತೆಗೆದೆವು. ಮತ್ತೆ 1, 2. ಗಿರವಿಯ ಪಾನ್ ಹಳೇ ಫ್ರೆಂಚಿನಲ್ಲಿ ಅಡ ಇಟ್ಟ ವಸ್ತು. ಚೆಸ್ಸಿನದು ಲ್ಯಾಟಿನ್ ಕಡೆಯಿಂದ ಬಂದ ಕಾಲಾಳು, ಪಾದ ಅನ್ನುವ ನಮ್ಮ ಪದದ ದೂರದ ನೆಂಟ. ಅದೇ ಕಾಲಾಳು ಪೋರ್ಚುಗೀಸ್, ಸ್ಪ್ಯಾನಿಶ್ ದಾರಿ ಹಿಡಿದು ಪ್ಯೂನ್ ಆಗಿದ್ದಾನೆ. ಸರ್ಕಾರಿ ಆಫೀಸಿನ ಬಾಗಿಲಲ್ಲಿ ಕೂತ ಪ್ಯೂನ್ ಮತ್ತು ಹಲಗೆ ಮೇಲಿನ ಪದಾತಿ ಒಂದೇ ಮನೆಯವರು, ಎದುರಿನ ಗಿರವಿ ಅಂಗಡಿಗೂ ಅವರಿಗೂ ಸಂಬಂಧ ಇಲ್ಲ! ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

ಕೊರತೆ ಇಲ್ಲವಾ? ಇದೆ. ಕನ್ಸೈಸ್ ಅಕ್ಷರ ಬಹಳ ಸಣ್ಣದು, ಕನ್ನಡಕ ಇಲ್ಲದೆ ನನಗೆ ಆಗುವುದಿಲ್ಲ. ಪದದ ಹುಟ್ಟು ಹೇಳುವ ಭಾಗದಲ್ಲಿ ಸಂಕ್ಷೇಪಗಳು ತುಂಬ, ಅವು ಏನು ಅಂತ ಮೊದಲ ಪುಟಗಳಿಗೆ ಹೋಗಿ ಹೋಗಿ ನೋಡಬೇಕು. ಒಂದು ವಾರ ಕಷ್ಟ, ಆಮೇಲೆ ರೂಢಿಯಾಗುತ್ತದೆ. ಬಳಕೆಯ ವಾಕ್ಯಗಳೂ ಇದರಲ್ಲಿ ಕಡಿಮೆ. ಲರ್ನರ್ಸ್ ದಪ್ಪ ಪುಸ್ತಕ, ಒಂದೂವರೆ ಸಾವಿರ ಪುಟಕ್ಕೂ ಜಾಸ್ತಿ, ಸ್ಕೂಲ್ ಬ್ಯಾಗಿನಲ್ಲಿ ಹೊರುವಂಥದ್ದಲ್ಲ. ಕಾಗದ ತೆಳು, ಮಕ್ಕಳು ಒದ್ದೆ ಬೆರಳಲ್ಲಿ ಮಗುಚಿದರೆ ಹರಿಯುತ್ತದೆ. ಎರಡರಲ್ಲೂ ಕನ್ನಡ ಇಲ್ಲವಾದ್ದರಿಂದ ಮೊದಮೊದಲು ದೊಡ್ಡವರು ಪಕ್ಕದಲ್ಲಿ ಕೂರಬೇಕು. ನಾನು ಕೂತೆ, ನನಗೂ ಲಾಭವೇ ಆಯಿತು. ಐದನೇ ಕ್ಲಾಸಿಗಿಂತ ಚಿಕ್ಕ ಮಕ್ಕಳಿಗೆ ಇದನ್ನು ತರಬೇಡಿ, ಸುಮ್ನೆ ಹೆದರಿಕೊಳ್ಳುತ್ತಾರೆ.

ಜೇಬು ನಿಘಂಟನ್ನು ಎಸೆದಿಲ್ಲ. ಒಂದೇ ಅರ್ಥ ಇರುವ ಪದಗಳಿಗೆ, ಹಣ್ಣು, ಹಕ್ಕಿ, ಲೋಹಗಳ ಹೆಸರಿಗೆ ಅದು ಸಾಕು.

ಹಳೇ ಪ್ರತಿ ಕೊಳ್ಳುವವರಿಗೆ ಒಂದು ಮಾತು. ನನಗೆ ಕನ್ಸೈಸ್ 200 ರೂಪಾಯಿಗೆ ಸಿಕ್ಕಿತು, ಚೌಕಾಸಿ ಮಾಡಿದ್ದೆ. ರಟ್ಟು ಹರಿದಿದ್ದರೆ ಪರವಾಗಿಲ್ಲ, ಅಂಟಿಸಿಕೊಳ್ಳಬಹುದು. ಬೆನ್ನಿನ ಹೊಲಿಗೆ ಬಿಟ್ಟಿದೆಯಾ ನೋಡಿ, ಮೊದಲ ಪುಟಗಳಲ್ಲಿ ಸಂಕ್ಷೇಪಗಳ ಪಟ್ಟಿ ಇದೆಯಾ ನೋಡಿ, ಅದು ಹೋಗಿದ್ದರೆ ಬೇಡ. ಆಮೇಲೆ ಅಂಗಡಿಯವರ ಎದುರಿಗೇ ಎಂ ಅಕ್ಷರದ ಪುಟ ತೆಗೆದು ಮ್ಯಾಚ್ ಹುಡುಕಿ. ತಲೆ ಮೇಲೆ 1 ಇದ್ದದ್ದು ಒಂದು, 2 ಇದ್ದದ್ದು ಒಂದು ಸಿಕ್ಕಿದರೆ ದುಡ್ಡು ಕೊಟ್ಟು ಮನೆಗೆ ತನ್ನಿ.